ನಮ್ಮ ಬೀದಿಗೆ ವಸಂತ ಬಂದ ದಾರಿ

ಶಿವರಾತ್ರಿ ಕಳೆದರೆ ಚಳಿ ‘ಶಿವ ಶಿವಾ’ ಎನ್ನುತ್ತಾ ಹೊರಟುಹೋಗುತ್ತದೆ ಎಂದು ಮನೆಯ ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಪಂಚಾಂಗದ ವಸಂತ ಋತು ಆರಂಭವಾಗುವುದು ಯುಗಾದಿಗೆ. ಬೆಂಗಳೂರಿನ ಬೀದಿಮರಗಳಿಗೆ ಅಷ್ಟು ದಿನ ಕಾಯುವ ತಾಳ್ಮೆಯಿಲ್ಲ. ಫೆಬ್ರವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಬಸವನಗುಡಿಯಿಂದ ಲಾಲ್‌ಬಾಗ್ ಹಾದು ಜಯನಗರದವರೆಗೆ ನಡೆದು ನೋಡಿ. ನಿಮಗೆ ಕಾಣುವ ಚಿಗುರು, ಹೂವುಗಳು ಬೇರೆ ಬೇರೆ ಕಾಲಕ್ಕೆ ಸೇರಿದವು.

ಬಸವನಗುಡಿ ಬಡಾವಣೆಯಾಗಿ ಬೆಳೆದದ್ದು 1898ರ ಪ್ಲೇಗಿನ ನಂತರ. ಅದಕ್ಕೆ ಮೊದಲು ಈ ಕಡೆ ಸುಂಕೇನಹಳ್ಳಿ, ಮಾವಳ್ಳಿಯಂಥ ಹಳ್ಳಿಗಳಿದ್ದವು. ಹಳ್ಳಿಗಳು ನಗರದಲ್ಲಿ ಕರಗಿಹೋದರೂ ಅವುಗಳ ಬಗೆಯ ಮರಗಳು ಉಳಿದುಕೊಂಡಿವೆ. ನಾಗರಕಲ್ಲುಗಳ ಕಟ್ಟೆಯ ಮೇಲಿನ ಅರಳಿಯಲ್ಲಿ ತಾಮ್ರದ ಬಣ್ಣದ ಎಳೆಯ ಎಲೆ ಮೂಡುತ್ತದೆ. ಹೊಂಗೆಯದು ಇನ್ನೂ ಸೊಗಸು. ನಿನ್ನೆಯವರೆಗೆ ಎಲೆ ಉದುರಿಸಿ ಬೋಳಾಗಿದ್ದ ಮರ, ನಾಲ್ಕು ದಿನ ನೋಡದೆ ಬಿಟ್ಟರೆ ಮಿರಮಿರ ಮಿನುಗುವ ತಿಳಿಹಸಿರಾಗಿ ನಿಂತಿರುತ್ತದೆ. ಇದನ್ನು ನಮ್ಮ ರೈತರು ಅಂದಕ್ಕಾಗಿ ಬೆಳೆಸಲಿಲ್ಲ. ಬೀಜದ ಎಣ್ಣೆ ದೀಪಕ್ಕೆ, ಸೊಪ್ಪು ಗದ್ದೆಯ ಗೊಬ್ಬರಕ್ಕೆ ಬೇಕಾಗಿತ್ತು.

ಮುಂದೆ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟಕ್ಕೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಜರ್ಮನಿಯ ತೋಟಗಾರಿಕಾ ತಜ್ಞ ಕೃಂಬಿಗಲ್ ಬಂದರು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಯಾವುದಾದರೊಂದು ರಸ್ತೆಯಲ್ಲಿ ಹೂವಿರಬೇಕು ಎಂಬುದು ಅವರ ಯೋಜನೆ. ನೀಲಿ ಜಕರಂಡಾದ ತವರು ದಕ್ಷಿಣ ಅಮೆರಿಕ, ಬೇಸಿಗೆಯ ಕೆಂಪು ಗುಲ್‌ಮೊಹರ್‌ನದು ಮಡಗಾಸ್ಕರ್. ಈಗ ಅವನ್ನು ಯಾರೂ ಪರದೇಶಿ ಎನ್ನುವುದಿಲ್ಲ! ಕೃಂಬಿಗಲ್ ಕೂಡ ಇಲ್ಲಿಯವರೇ ಆಗಿ, 1956ರಲ್ಲಿ ಈ ಊರಿನಲ್ಲೇ ತೀರಿಕೊಂಡರು.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿ ಎಲ್ಲರೂ ನಿಂತು ನೋಡುವ ಗುಲಾಬಿ ಬಣ್ಣದ ಟಬೆಬುಯಾ ಮಧ್ಯ ಅಮೆರಿಕದ್ದು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಇಂದಿನ ಎಷ್ಟೋ ಬೀದಿಗಳ ನೆರಳು ಆ ಕಾಲದ್ದು. ಆದರೆ ಟಬೆಬುಯಾವನ್ನು ನಂಬಿ ವಸಂತ ಬಂತೆನ್ನಬೇಡಿ. ಅದು ಕೆಲವೊಮ್ಮೆ ನವೆಂಬರಿನಲ್ಲೇ ಹೂಬಿಡುತ್ತದೆ. ನನ್ನ ನಂಬಿಕೆ ಹೊಂಗೆಯ ಮೇಲೆ.

ರಸ್ತೆ ಅಗಲಮಾಡಲು ಮರ ಕಡಿದಾಗ ಹೋಗುವುದು ನೆರಳಷ್ಟೇ ಅಲ್ಲ, ಆ ಬೀದಿಯ ಒಂದು ದಾಖಲೆಯೂ ಹೌದು. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಹೂ ತುಂಬಿ ಅರಳಿದ ದಿನಗಳನ್ನು 9ನೆಯ ಶತಮಾನದಿಂದಲೂ ದಿನಚರಿಗಳಲ್ಲಿ ಬರೆದಿಟ್ಟಿದ್ದಾರೆ. 2021ರಲ್ಲಿ ಅವು ಮಾರ್ಚ್ 26ಕ್ಕೇ ಅರಳಿದಾಗ, ಸುಮಾರು 1,200 ವರ್ಷಗಳಲ್ಲಿ ಅಷ್ಟು ಬೇಗ ಅರಳಿದ ದಾಖಲೆಯಿಲ್ಲ ಎಂದು ತಿಳಿದದ್ದು ಆ ದಿನಚರಿಗಳಿಂದಲೇ. ಬರೆದವರಿಗೆ ಹವಾಮಾನದ ಚಿಂತೆಯಿರಲಿಲ್ಲ, ಹೂ ನೋಡುವ ಆಸೆಯಿತ್ತು.

ನಿಮ್ಮ ಮನೆಯೆದುರಿನ ಹೊಂಗೆ ಈ ವರ್ಷ ಯಾವ ದಿನ ಚಿಗುರಿತು? ಅದನ್ನು ನೆಟ್ಟವರು ಯಾರೆಂದು ಬೀದಿಯ ಹಿರಿಯರನ್ನು ಕೇಳಿ, ಎರಡನ್ನೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ. ಬರುವ ವರ್ಷದ ತಾರೀಖಿಗೆ ಕೆಳಗೆ ಜಾಗ ಬಿಟ್ಟಿರಿ.