ಕೊರಿಂಥದ ಪ್ರಭುಭೋಜನ: ಸ್ವಂತ ಲಾಭಕ್ಕಿಂತ ಸಮುದಾಯ ಮೊದಲು

ಸ್ವಂತ ಲಾಭಕ್ಕಿಂತ ಸಮುದಾಯದ ಹಿತ ದೊಡ್ಡದು ಎಂಬ ಮಾತನ್ನು ನಾವು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಕೇಳಿದ ಕೂಡಲೇ ನಮ್ಮ ಮನಸ್ಸು ವಂತಿಗೆ, ದೇಣಿಗೆ, ಕಾಣಿಕೆ ಡಬ್ಬಿಗಳ ಕಡೆಗೆ ಹೋಗುತ್ತದೆ. ಆದರೆ ಸಂತ ಪೌಲರು ಈ ವಿಷಯವಾಗಿ ಬಹಳ ಕಟುವಾಗಿ ಬರೆದದ್ದು ಒಂದು ಊಟದ ಬಗ್ಗೆ. ಅದನ್ನು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯದಲ್ಲಿ ಓದಬಹುದು.

ಕೊರಿಂಥ ಗ್ರೀಸ್ ದೇಶದ ವ್ಯಾಪಾರದ ಊರು. ರೋಮನರು ನಾಶ ಮಾಡಿದ್ದ ಈ ನಗರವನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ರೋಮನ್ ವಸಾಹತಾಗಿ ಮತ್ತೆ ಸ್ಥಾಪಿಸಿದ. ಎರಡು ಕಡಲುಗಳ ನಡುವಿನ ಕಿರಿದಾದ ನೆಲ, ಎರಡೂ ಬದಿಗೆ ಬಂದರು. ಹಡಗಿನ ಸರಕಿನಿಂದ ಹೊಸದಾಗಿ ಹಣ ಕಂಡವರು, ಅವರ ಹೊರೆ ಹೊರುವ ಗುಲಾಮರು ಒಂದೇ ಊರಿನಲ್ಲಿದ್ದರು. ಬಂದರಿನ ಊರುಗಳನ್ನು ಬಲ್ಲ ನಮಗೆ ಈ ಚಿತ್ರ ಕಷ್ಟವಲ್ಲ. ಕ್ರಿ.ಶ. 50ರ ಸುಮಾರಿಗೆ ಪೌಲರು ಇಲ್ಲಿ ಒಂದೂವರೆ ವರ್ಷ ಉಳಿದು, ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತಾ, ಇಲ್ಲಿನ ಧರ್ಮಸಭೆಯನ್ನು ಕಟ್ಟಿದರು.

ಆಗ ಇಗರ್ಜಿ ಕಟ್ಟಡಗಳಿರಲಿಲ್ಲ. ಅನುಕೂಲವಿದ್ದವರ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದರು. ಪ್ರಭುಭೋಜನ ನಿಜವಾದ ಊಟದೊಂದಿಗೇ ನಡೆಯುತ್ತಿತ್ತು. ಆದಿತ್ಯವಾರ ರಜೆಯೂ ಇರಲಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನವೆಂದು ಸಾರಿದ್ದು 321ರಲ್ಲಿ. ಹೀಗಾಗಿ ಕೂಲಿಯವರು, ಗುಲಾಮರು ಕೆಲಸ ಮುಗಿಸಿ ತಡವಾಗಿ ಬರುತ್ತಿದ್ದರು, ಬಿಡುವಿದ್ದವರು ಮೊದಲೇ ಕುಳಿತು ಉಣ್ಣುತ್ತಿದ್ದರು ಎಂಬುದು ಅನೇಕ ಬೈಬಲ್ ವಿದ್ವಾಂಸರ ಅಭಿಪ್ರಾಯ. ಶ್ರೀಮಂತ ರೋಮನ್ ಮನೆಯ ಊಟದ ಕೋಣೆಯಲ್ಲಿ ವಾಡಿಕೆಯಂತೆ ಒಂಬತ್ತು ಮಂದಿಗೆ ಮಾತ್ರ ಜಾಗ. ಉಳಿದವರು ಅಂಗಳದಲ್ಲಿ. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಕುಡಿದ ಅಮಲು ಎಂದು ಪೌಲರೇ ಬರೆಯುತ್ತಾರೆ. ಅವರ ದೃಷ್ಟಿಯಲ್ಲಿ ಅದು ಪ್ರಭುವಿನ ಭೋಜನವೇ ಅಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅಯೋಗ್ಯವಾಗಿ ಪರಮಪ್ರಸಾದ ಸ್ವೀಕರಿಸಬಾರದು ಎಂಬ ಬೋಧನೆ ಬಂದಿರುವುದು ಇದೇ ಅಧ್ಯಾಯದಿಂದ. ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ನಾವು ಅದನ್ನು ನಮ್ಮ ನಮ್ಮ ಗುಟ್ಟಿನ ಪಾಪಗಳಿಗೆ ಅನ್ವಯಿಸಿ ಕಲಿತೆವು. ಅದು ತಪ್ಪಲ್ಲ. ಆದರೆ ಪೌಲರ ಕಣ್ಣೆದುರು ಇದ್ದದ್ದು ಅಂಗಳದಲ್ಲಿ ಹಸಿದು ನಿಂತ ಸಹೋದರ. ಅವನನ್ನು ಕಾಣದೆ ಉಂಡವನು ಕ್ರಿಸ್ತನ ದೇಹವನ್ನೇ ಗುರುತಿಸಲಿಲ್ಲ. ಮುಂದಿನ ಅಧ್ಯಾಯದಲ್ಲೇ ಅವರು ನಾವೆಲ್ಲರೂ ಒಂದೇ ದೇಹದ ಅಂಗಗಳೆಂದು ವಿವರಿಸುವುದು ಆಕಸ್ಮಿಕವಲ್ಲ. ಪರಿಹಾರವೂ ಸರಳ: ಒಬ್ಬರು ಇನ್ನೊಬ್ಬರಿಗಾಗಿ ಕಾಯಿರಿ ಎನ್ನುತ್ತಾರೆ.

ಹಾಗಾದರೆ ಸ್ವಂತ ಆಸ್ತಿ ಇರಬಾರದೇ? ಪ್ರೇಷಿತರ ಕಾರ್ಯಕಲಾಪಗಳು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಸೈಪ್ರಸಿನ ಬಾರ್ನಬ ಹೊಲ ಮಾರಿ ಹಣವನ್ನು ಪ್ರೇಷಿತರ ಪಾದಗಳ ಬಳಿ ಇಟ್ಟ. ಅನನೀಯ ಸ್ವಲ್ಪ ಬಚ್ಚಿಟ್ಟುಕೊಂಡು ಎಲ್ಲವನ್ನೂ ಕೊಟ್ಟಂತೆ ತೋರಿಸಿದ. ಪೇತ್ರರು ಅವನಿಗೆ, ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೆ ಹಣವೂ ನಿನ್ನ ವಶದಲ್ಲೇ ಇತ್ತು ಎಂದು ನೆನಪಿಸುತ್ತಾರೆ. ಕೊಡಲೇಬೇಕೆಂಬ ಬಲವಂತವಿರಲಿಲ್ಲ, ದೋಷ ಸುಳ್ಳಿನಲ್ಲಿತ್ತು. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ತಮ್ಮ 'ರೇರುಮ್ ನೋವಾರುಮ್' ವಿಶ್ವಪತ್ರದಲ್ಲಿ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದು, ಅದರ ಬಳಕೆ ಮಾತ್ರ ಎಲ್ಲರಿಗಾಗಿ ಎಂದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಅದನ್ನೇ ದೃಢಪಡಿಸಿತು. 1987ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಖಾಸಗಿ ಆಸ್ತಿಯ ಮೇಲೆ ಸಮಾಜದ ಅಡಮಾನವಿದೆ ಎಂದು ಬರೆದರು. ಅಡಮಾನ ಎಂದರೆ ಏನೆಂದು ನಮ್ಮ ಜನರಿಗೆ ವಿವರಿಸಬೇಕಾಗಿಲ್ಲ.

ಕರಾವಳಿಯ ನಮ್ಮಲ್ಲಿ ಇದರ ಒಂದು ರೂಪ ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಉಳಿದಿದೆ. ಆಶೀರ್ವದಿಸಿದ ತೆನೆಯನ್ನು ಗದ್ದೆ ಇದ್ದವರೂ ಇಲ್ಲದವರೂ ಮನೆಗೆ ಒಯ್ಯುತ್ತಾರೆ. ಮನೆಯವರೆಲ್ಲ ಕೂಡಿದ ಮೇಲೆಯೇ ಹೊಸತು ಊಟ. ದೂರದ ಊರಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ತೆನೆ ಕಳುಹಿಸುವ ಪದ್ಧತಿಯೂ ಇದೆ. ಆದರೆ ವಾರ್ಷಿಕ ಹಬ್ಬದ ಊಟದಲ್ಲಿ ದೊಡ್ಡ ದಾನಿಗಳಿಗೆ ಬೇರೆ ಮೇಜು ಹಾಕಿ, ಬೆಳಗ್ಗಿನಿಂದ ದುಡಿದ ಸ್ವಯಂಸೇವಕರು ಕೊನೆಗೆ ತಳದ ಅನ್ನ ಉಂಡದ್ದನ್ನೂ ನಾವು ಕಂಡಿದ್ದೇವೆ. ಅಂದು ನಾವೂ ಮೊದಲ ಪಂಕ್ತಿಯಲ್ಲೇ ಕುಳಿತಿದ್ದೆವು.

ಇನ್ನು ಹಣದ ವಿಷಯ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲರು ಊರೂರಿನಲ್ಲಿ ನಿಧಿ ಸಂಗ್ರಹಿಸಿದರು. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಷ್ಟು ತೆಗೆದಿಡಬೇಕು. ಹಣ ಒಯ್ಯುವವರನ್ನು ಜನರೇ ಆರಿಸಬೇಕು ಎಂದು ಕ್ರಮ ಹಾಕಿಕೊಟ್ಟರು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಾಗಬಾರದು ಎಂಬ ಎಚ್ಚರ ಎರಡನೆಯ ಪತ್ರದಲ್ಲಿ ಸ್ಪಷ್ಟವಾಗಿದೆ. ಲೆಕ್ಕ ಕೇಳುವುದನ್ನು ಅವಿಶ್ವಾಸವೆಂದು ತಿಳಿಯುವ ನಮ್ಮ ಕೆಲವು ಸಮಿತಿಗಳು ಈ ಭಾಗವನ್ನು ಓದಿದರೆ ಒಳ್ಳೆಯದು. ಹೆಚ್ಚು ಉದಾರವಾಗಿ ಕೊಟ್ಟವರು ಸ್ವತಃ ಬಡತನದಲ್ಲಿದ್ದ ಮಕೆದೋನಿಯದವರು. ಕೊಡಲು ಅವಕಾಶ ಕೊಡಿ ಎಂದು ಅವರೇ ಬೇಡಿಕೊಂಡಿದ್ದರು.

ಅಪಾಯವಿದೆಯೆಂದು ಗೊತ್ತಿದ್ದೂ ಪೌಲರು ಜೆರುಸಲೇಮಿಗೆ ಹೋದರು. ಅಲ್ಲಿನ ದೇವಾಲಯದಲ್ಲಿ ಜನರ ಗುಂಪು ಅವರನ್ನು ಹಿಡಿಯಿತು, ಬಂಧನವಾಯಿತು. ಮುಂದೆ ರಾಜ್ಯಪಾಲ ಫೆಲಿಕ್ಸನ ಎದುರು ವಿಚಾರಣೆ ನಡೆದಾಗ, ನನ್ನ ಜನರಿಗೆ ದಾನದ ಹಣ ತಲುಪಿಸಲು ಬಂದಿದ್ದೆ ಎಂದು ಹೇಳಿದರು. ನಂತರ ಎರಡು ವರ್ಷ ಅವರು ಸೆಜರೇಯದಲ್ಲಿ ಸೆರೆಯಲ್ಲೇ ಇದ್ದರು.