ಕೋಡಿ: ವಾಚ್ಯಾರ್ಥವೂ ಲಕ್ಷ್ಯಾರ್ಥವೂ

ಕಣ್ಣೀರಿನ ಕೋಡಿ, ನೆತ್ತರಿನ ಕೋಡಿ ಎಂದು ಕನ್ನಡಿಗರು ಆಡುವುದುಂಟು. ಈ ಪ್ರಯೋಗಗಳಲ್ಲಿ ಕೋಡಿಯೆಂದರೆ ತಡೆಯಿಲ್ಲದ ಹರಿವು ಎಂದಷ್ಟೇ ಅರ್ಥವಾಗುತ್ತದೆ. ಆದರೆ ಹಿರಿಯೂರು ತಾಲ್ಲೂಕಿನ ಆದಿವಾಲದಂತಹ ಊರುಗಳ ಬೇಸಾಯಗಾರನಿಗೆ ಕೋಡಿಯು ಮೊದಲು ಒಂದು ಸ್ಥಳ, ಆಮೇಲೆ ಹರಿವು. ಕೆರೆಯ ಏರಿಯ ಕೊನೆಯಲ್ಲಿ, ಏರಿಯ ನೆತ್ತಿಗಿಂತ ತಗ್ಗಾಗಿ, ಕಲ್ಲುಕಟ್ಟಡದಿಂದಲೋ ಹುಟ್ಟುಬಂಡೆಯನ್ನು ಆಶ್ರಯಿಸಿಯೋ ಮಾಡಿಟ್ಟ ದಾರಿಯೇ ಅದು. ಕುಂದಾಪುರದ ಬಳಿ ಕಡಲಂಚಿನ ಊರೊಂದಕ್ಕೂ ಕೋಡಿಯೆಂದೇ ಹೆಸರು. ಅದನ್ನು ನೋಡಿದರೆ ಅಂಚು, ತುದಿ ಎಂಬುದೇ ಶಬ್ದದ ಹಳೆಯ ಅರ್ಥವೆಂದು ತೋರುತ್ತದೆ. ಸಂಸ್ಕೃತದ ಕೋಟಿಶಬ್ದಕ್ಕೂ ಬಿಲ್ಲಿನ ತುದಿಯೆಂಬ ಅರ್ಥವುಂಟಾದರೂ ಧ್ವನಿಸಾಮ್ಯವೊಂದರಿಂದಲೇ ನಂಟು ಕಟ್ಟುವುದು ಅವಸರದ ಕೆಲಸ.

ತೂಬು ಮನುಷ್ಯನ ಇಚ್ಛೆಯಂತೆ ನೀರು ಕೊಡುತ್ತದೆ. ಕೋಡಿ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನೀರು ಮಣ್ಣಿನ ಏರಿಯನ್ನು ಹತ್ತಿ ಹರಿದರೆ ಏರಿಯು ಕೊರೆದು ಕೆರೆಯೇ ಒಡೆಯುವುದು; ಆ ಅಪಾಯವನ್ನು ತಪ್ಪಿಸುವುದಕ್ಕಾಗಿಯೇ ಕೋಡಿ. ಮೇಲಣ ಕೆರೆಯ ಕೋಡಿಯ ನೀರೇ ಎಷ್ಟೋ ಕಡೆ ಕೆಳಗಣ ಕೆರೆಗೆ ಜೀವ. ಬೀಳುವುದು ಸಾಮಾನ್ಯವಾಗಿ ಅಶುಭದ ಮಾತು. ಆದರೂ ಕೆರೆ ಕೋಡಿ ಬಿತ್ತೆಂದರೆ ಊರಿಗೆ ಹಬ್ಬ.

ಸಂಸ್ಕೃತದಲ್ಲಿ ಇದಕ್ಕೆ ಪರೀವಾಹವೆಂದು ಹೆಸರು. ಭವಭೂತಿಯು ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ಶೋಕದ ಪ್ರಸಂಗಕ್ಕೆ ಈ ಉಪಮಾನವನ್ನೇ ತಂದಿದ್ದಾನೆ. ಅಲ್ಲಿ ಪ್ರಲಾಪವೆಂಬುದು ದೌರ್ಬಲ್ಯವಲ್ಲ, ಎದೆಯೊಡೆಯದಂತೆ ಕಾಯುವ ಉಪಾಯ. ಈ ದೃಷ್ಟಿಯಿಂದ ಕಣ್ಣೀರಿನ ಕೋಡಿಯೆಂಬ ಮಾತು ಸಾರ್ಥಕವಾದುದು. ನೆತ್ತರಿನ ಕೋಡಿಯಲ್ಲಿಯಾದರೋ ಹರಿವು ಮಾತ್ರ ಉಳಿದು, ರಕ್ಷಣೆಯೆಂಬ ಅಂಶ ಕಳೆದುಹೋಗಿದೆ.

ಹಿರಿಯೂರು ಸೀಮೆಯಲ್ಲಿ ಶಬ್ದದ ಗತಿ ಇನ್ನೂ ವಿಚಿತ್ರವಾಯಿತು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭವಾದ ಕಟ್ಟೆ 1907ರಲ್ಲಿ ಮುಗಿಯಿತು. ಕೆಲಸ ಮೊದಲಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವೆನಿಸಿತು. ನೀರು 130 ಅಡಿಗೆ ನಿಂತರೆ ಸುಮಾರು 3,000 ಕೋಟಿ ಘನ ಅಡಿ. ಅದಕ್ಕೆ ಮೀರಿದುದು ಕೋಡಿಯ ಪಾಲು. 1933ರಲ್ಲಿ ಅದು ಮೊದಲ ಬಾರಿಗೆ ಕೋಡಿ ಬಿದ್ದಿತು. ಆಮೇಲೆ 89 ವರ್ಷ ಕೋಡಿಯ ಕಲ್ಲು ನೀರು ಕಾಣಲಿಲ್ಲ. ಕಣ್ಣೀರಿನ ಕೋಡಿಯನ್ನು ಬಲ್ಲವರೆಲ್ಲ ಇದ್ದರು. ಕಟ್ಟೆಯ ಕೋಡಿಯನ್ನು ಕಂಡವರು ಒಬ್ಬೊಬ್ಬರಾಗಿ ಇಲ್ಲವಾದರು. ವಾಚ್ಯಾರ್ಥವು ಅಜ್ಜಂದಿರ ಕಥೆಯಾಗಿ, ಲಕ್ಷ್ಯಾರ್ಥವೇ ಬಳಕೆಯ ಮಾತಾಗಿ ನಿಂತಿತು.

2022ರ ಸೆಪ್ಟೆಂಬರಿನಲ್ಲಿ ಕೋಡಿ ಮತ್ತೆ ಹರಿದಾಗ ನೋಡುವುದಕ್ಕೆ ಜನ ನೆರೆದರು, ಬಾಗಿನ ಅರ್ಪಿತವಾಯಿತು. ಆದರೆ ತುಂಬಿದ ಜಲಾಶಯದ ಹಿನ್ನೀರು ಹೊಸದುರ್ಗದ ಕಡೆಯ ಹೊಲತೋಟಗಳಿಗೆ ನುಗ್ಗಿತು. ಕೆಳಗೆ ವೇದಾವತಿಯ ದಡದ ತಗ್ಗಿನ ಮನೆಗಳಿಗೂ ನೀರು ಬಂದಿತು. ಕೋಡಿಯನ್ನು ತಗ್ಗಿಸಬೇಕೆಂದು ಹಿನ್ನೀರಿನವರು ಕೇಳಿದರು. ತಗ್ಗಿಸಿದರೆ ಬೇಸಗೆಯಲ್ಲಿ ತೋಟಕ್ಕೆ ಸಿಗುವ ನೀರೂ ಅಷ್ಟಕ್ಕಷ್ಟು ತಗ್ಗುವುದು. ಅಚ್ಚುಕಟ್ಟಿನವರ ಚಿಂತೆ ಅದು. ಒಂದು ಅಡಿ ಕಲ್ಲಿನ ಎತ್ತರ ಒಬ್ಬನಿಗೆ ಬೆಳೆ, ಇನ್ನೊಬ್ಬನಿಗೆ ಮುಳುಗಡೆ. ಭದ್ರೆಯ ನೀರೂ ಬಂದು ಕೂಡಿಕೊಂಡು, 2025ರ ಜನವರಿಯಲ್ಲಿ ಕೋಡಿ ಮತ್ತೊಮ್ಮೆ ಬಿದ್ದಿತು.