ಫಲಾನುಭವಿ

ಪಂಚಾಯಿತಿ ಗೋಡೆ, ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡು, ಪತ್ರಿಕೆಯ ಜಿಲ್ಲಾ ಪುಟ ಎಲ್ಲಿ ನೋಡಿದರೂ ‘ಫಲಾನುಭವಿ’ ಇದ್ದಾನೆ. ಆದರೆ ಉತ್ತರ ಕನ್ನಡದ ಹಳಿಯಾಳ, ಜೊಯಿಡಾ ಕಡೆಯ ಹಳ್ಳಿಗಳಲ್ಲಿ ಯಾರೂ ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ. ‘ಮನೆ ಮಂಜೂರಾಯ್ತು’, ‘ಹೊಲಿಗೆ ಮಷಿನ್ ಬಂತು’, ‘ಲಿಸ್ಟಲ್ಲಿ ಹೆಸರಿಲ್ಲ’ ಎನ್ನುತ್ತಾರೆ. ಪದ ಹಚ್ಚುವವರು ಕೊಡುವವರು. ಮನೆ ಮಂಜೂರಾದವರು ತಳಪಾಯ ಹಾಕಿದಾಗ, ಲಿಂಟಲ್ ಮಟ್ಟಕ್ಕೆ ಬಂದಾಗ, ಚಾವಣಿ ಏರಿಸಿದಾಗ ಗೋಡೆಯ ಪಕ್ಕ ನಿಂತು ಜಿಪಿಎಸ್ ಫೋಟೊ ಕೊಡಬೇಕು. ಆಮೇಲೆಯೇ ಕಂತಿನ ಹಣ. ಕೂಲಿ ಬಿಟ್ಟು ಫೋಟೊಗೆ ಕಾದು ನಿಂತ ಹೆಂಗಸಿನ ಮುಖದಲ್ಲಿ ಫಲ ಉಂಡ ಕಳೆ ಇರುವುದಿಲ್ಲ.

ಪದದಲ್ಲಿ ಫಲವಿದೆ, ಉಣ್ಣುವವನಿದ್ದಾನೆ. ನೆಟ್ಟವರು ಯಾರು, ನೆಲ ಯಾರದು ಎಂಬುದು ಅದರಲ್ಲಿಲ್ಲ. ಈ ಕಡೆಯ ತಾಲ್ಲೂಕುಗಳಲ್ಲಿ ಕೇಳಬೇಕಾದದ್ದೇ ಅದು. ಕಾಳಿ ಮತ್ತು ಪಾಂಡರಿ ಕೂಡುವಲ್ಲಿ ಸೂಪಾ ಎಂಬ ಊರಿತ್ತು, ಅದೇ ತಾಲ್ಲೂಕು ಕೇಂದ್ರವೂ ಆಗಿತ್ತು. 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, ಊರು ನೀರಿನಡಿ ಹೋಯಿತು, ತಾಲ್ಲೂಕಿಗೆ ಜೊಯಿಡಾ ಎಂಬ ಹೆಸರಾಯಿತು, ಎದ್ದು ಬಂದವರಿಗೆ ರಾಮನಗರ ಕಟ್ಟಲಾಯಿತು. ಆ ನೀರಿನಿಂದ ನಾಗಝರಿ ವಿದ್ಯುದಾಗಾರದಲ್ಲಿ ಹುಟ್ಟುವ ವಿದ್ಯುತ್ತು ಇಡೀ ರಾಜ್ಯಕ್ಕೆ ಹರಿಯುತ್ತದೆ. ಅದರಲ್ಲಿ ದೀಪ ಹಚ್ಚುವ ಬೆಂಗಳೂರಿನವರನ್ನು ಯಾರೂ ಫಲಾನುಭವಿ ಎನ್ನಲಿಲ್ಲ. ಊರು ಬಿಟ್ಟುಕೊಟ್ಟವರಿಗೆ ನಿವೇಶನ ಸಿಕ್ಕಾಗ ಆ ಹೆಸರು ಬಂತು. ನನಗೆ ಇದು ಬರೀ ಭಾಷೆಯ ತಪ್ಪಾಗಿ ಕಾಣುವುದಿಲ್ಲ, ಲೆಕ್ಕದ ತಪ್ಪು.

ಸಿದ್ದಿಗಳ ವಿಷಯದಲ್ಲಿ ಈ ತಪ್ಪು ಇನ್ನೂ ಆಳ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕಾ ಮೂಲದ ಮೈಕಟ್ಟು, ಓಟದಲ್ಲಿ ಪದಕ ತಂದಾರು ಎಂಬ ಲೆಕ್ಕಾಚಾರ. ಕಾಡಂಚಿನ ಮನೆಗಳಿಂದ ಹೋದ ಮಕ್ಕಳು ಮೊದಲ ಬಾರಿಗೆ ಹಾಸ್ಟೆಲ್ಲು, ಟ್ರ್ಯಾಕು, ಹೊಟ್ಟೆ ತುಂಬ ಊಟ ಕಂಡರು, ಚೆನ್ನಾಗಿಯೇ ಓಡಿದರು. 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡೆಯಿಂದ ಸರ್ಕಾರಿ ಕೆಲಸ ಸಿಕ್ಕಿತು, ಉಳಿದವರು ಕೂಲಿಗೆ ಮರಳಿದರು. ಕಡತದಲ್ಲಿ ಆ ಮಕ್ಕಳು ಫಲಾನುಭವಿಗಳು. ಪದಕ ಬಂದರೆ ಫಲ ದೇಶದ್ದು. ಬರದಿದ್ದರೆ ನಷ್ಟ ಅವರದ್ದು ಮಾತ್ರ. ಓಡುತ್ತೀರಾ ಎಂದು ಕೇಳಿದವರಿದ್ದರು, ನಿಮಗೇನು ಬೇಕು ಎಂದು ಕೇಳಿದವರು ಯಾರು? ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ ಆ ಯೋಜನೆ ನಿಂತು ಎಷ್ಟೋ ವರ್ಷಗಳಾದ ಮೇಲೆ, 2003ರಲ್ಲಿ.

ವಿದೇಶದ ಹಣವೂ ಇಲ್ಲಿಗೆ ಬಂದಿದೆ. 1990ರ ದಶಕದಲ್ಲಿ ಬ್ರಿಟನ್ನಿನ ನೆರವಿನಿಂದ ಉತ್ತರ ಕನ್ನಡದಲ್ಲಿ ಪಶ್ಚಿಮಘಟ್ಟ ಅರಣ್ಯ ಯೋಜನೆ ನಡೆಯಿತು. ಜನರೂ ಇಲಾಖೆಯೂ ಕೂಡಿ ಕಾಡು ಬೆಳೆಸಲೆಂದು ಗ್ರಾಮ ಅರಣ್ಯ ಸಮಿತಿಗಳಾದವು. ಆಶಯ ಒಳ್ಳೆಯದೇ. ಆದರೆ ಸಮಿತಿಯ ಕಾರ್ಯದರ್ಶಿ ಇಲಾಖೆಯ ನೌಕರ, ದಫ್ತರ ಅವನ ಕೈಯಲ್ಲಿ. ಯೋಜನೆ ಮುಗಿದ ಮೇಲೆ ಎಷ್ಟೋ ಸಮಿತಿಗಳು ಹೆಸರಿಗಷ್ಟೇ ಉಳಿದವು. ಹಣ ಕೊಟ್ಟವರು ವರದಿ ಕಳಿಸಬೇಕಾದದ್ದು ತಮ್ಮ ಸಂಸತ್ತಿಗೆ, ಸೌದೆ ಹೊರುವವಳಿಗಲ್ಲ. ಜಗತ್ತಿನ ನೆರವಿನ ಚರ್ಚೆಯೆಲ್ಲ ಇಂದಿಗೂ ಸಿಕ್ಕಿಕೊಂಡಿರುವುದು ಈ ಗಂಟಿನಲ್ಲೇ.

ಮುಂಡಗೋಡದಲ್ಲಿ ಅದರ ಇನ್ನೊಂದು ಮುಖ ಕಾಣುತ್ತದೆ. 1966ರಲ್ಲಿ ಮೈಸೂರು ಸರ್ಕಾರ ಕೊಟ್ಟ ಸುಮಾರು 4,000 ಎಕರೆಯಲ್ಲಿ ಟಿಬೆಟನ್ನರು ಕಾಡು ಕಡಿದು ಹೊಲ ಮಾಡಿದರು, ಸಹಕಾರ ಸಂಘ ಕಟ್ಟಿದರು, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳನ್ನು ಎಬ್ಬಿಸಿದರು. ಅವರದು ಬೆವರಿನ ಬದುಕು. ಆದರೂ 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆದಾಗ ಭಾರತದ ಟಿಬೆಟನ್ನರ ಆರೋಗ್ಯ, ಶಿಕ್ಷಣದ ಯೋಜನೆಗಳಿಗೆ ಪೆಟ್ಟು ಬಿತ್ತು. ಸ್ವಲ್ಪ ಹಣ ಆಮೇಲೆ ಮರಳಿತು ನಿಜ. ಎಲ್ಲೋ ಕುಳಿತವರ ಒಂದು ಸಹಿಗೆ ಇಲ್ಲಿನ ಔಷಧಿ ನಿಲ್ಲಬಹುದಾದರೆ, ಆ ನೆರವು ಎಷ್ಟು ದೊಡ್ಡದಾಗಿದ್ದರೇನು?

‘ಫಲಾನುಭವಿ’ಗೆ ಎದುರಾಗಿ ನಿಲ್ಲುವ ಪದ ನಮ್ಮಲ್ಲೇ ಇದೆ: ಹಕ್ಕುದಾರ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರನ್ನು ಹಾಗೆ ಕಂಡಿತು. ಆದರೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಜಮೀನಿನಲ್ಲಿದ್ದದ್ದನ್ನು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ 75 ವರ್ಷಗಳ ವಾಸಕ್ಕೆ ಸಾಕ್ಷಿ ಕೊಡಬೇಕು. ಜೊಯಿಡಾದ ಕುಣಬಿಗಳು ಪರಿಶಿಷ್ಟ ಪಂಗಡದ ಪಟ್ಟಿಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ಗೆಡ್ಡೆ ಗೆಣಸಿನ ಹತ್ತಾರು ತಳಿಗಳನ್ನು ಕಾಪಾಡಿದ ಈ ಜನ 1930ರಿಂದ ಇಲ್ಲಿದ್ದೇವೆ ಎನ್ನಲು ಕಾಗದ ಹುಡುಕಬೇಕು. ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಒಪ್ಪಬಹುದೆಂದು ಆ ಕಾಯ್ದೆಯ ನಿಯಮಗಳೇ ಹೇಳುತ್ತವೆ. ಗ್ರಾಮಸಭೆಯಲ್ಲಿ ಆ ಹಿರಿಯರನ್ನು ಕೂರಿಸಿ, ಅವರ ಮಾತನ್ನು ಬರೆದುಕೊಂಡು, ಅದನ್ನು ದಾಖಲೆ ಎಂದು ಒಪ್ಪಿ ಅರ್ಜಿಗಳನ್ನು ಇತ್ಯರ್ಥ ಮಾಡಬೇಕು. ಆ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.